ಮುಕ್ತಿನಾಥದ ಏರಿಗೆ ಹಿಮಾಲಯನ್ 450

ಕೆಎ ನಂಬರಿನ ಸ್ವಂತ ಬೈಕು, ವೀಸಾ ಬೇಡ, ಓಡಿಸುವುದು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ. ಇಷ್ಟು ಅನುಕೂಲವಿದ್ದೂ ಎಂಟು ಸಾವಿರ ಮೀಟರ್ ಮೀರಿದ ಎರಡು ಶಿಖರಗಳ ನಡುವಿನ ಕಣಿವೆಯಲ್ಲಿ ಸಾಗುವ ವಿದೇಶಿ ರಸ್ತೆ ಬೇಕೆಂದರೆ ನೇಪಾಳದ ಮುಸ್ತಾಂಗ್ ದಾರಿಗೆ ಸಾಟಿಯಿಲ್ಲ. ಪೋಖರಾದಿಂದ ಬೇನಿ, ತಾತೋಪಾನಿ, ಜೋಮ್ಸೋಮ್, ಕಾಗ್ಬೇನಿ ಮೇಲೆ ಮುಕ್ತಿನಾಥ. ಒಂದು ಪಕ್ಕ 8,167 ಮೀಟರಿನ ಧೌಲಗಿರಿ, ಇನ್ನೊಂದು ಪಕ್ಕ 8,091 ಮೀಟರಿನ ಅನ್ನಪೂರ್ಣ, ನಡುವೆ ಕಾಳಿ ಗಂಡಕಿ. ನಮ್ಮ ಮಠಗಳಲ್ಲಿ, ಮಾಧ್ವರ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮ ಶಿಲೆಗಳ ತವರು ಇದೇ ನದಿ.

ಈ ದಾರಿಗೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸರಿಯೇ ಎಂಬುದು ಇಲ್ಲಿನ ಪ್ರಶ್ನೆ. ಸರಿ. ಆ ಬೆಲೆಗೆ ಸಿಗುವ ಬೈಕುಗಳಲ್ಲಿ ಇದಕ್ಕಿಂತ ಹೊಂದುವುದು ಕಷ್ಟ. ಆದರೆ ಅದನ್ನು ಅದರ ರೀತಿಯಲ್ಲೇ ಓಡಿಸಬೇಕು. ಹಳೆಯ ಬುಲೆಟ್ಟಿನ ರೂಢಿಯಲ್ಲಿ ಓಡಿಸಹೊರಟರೆ ಮೊದಲ ಜಲ್ಲಿ ತಿರುವಿನಲ್ಲೇ ಗಾಡಿ ಆಫ್ ಆಗುತ್ತದೆ.

ಎಂಜಿನ್ನಿನ ಗುಣ

452 ಸಿಸಿ, ಒಂದೇ ಸಿಲಿಂಡರ್, ನಾಲ್ಕು ವಾಲ್ವ್, ನೀರಿನಿಂದ ತಂಪಾಗುವ ಎಂಜಿನ್. 8,000 ಆರ್‌ಪಿಎಂನಲ್ಲಿ 40 ಪಿಎಸ್ ಶಕ್ತಿ, 5,500ರಲ್ಲಿ 40 ಎನ್ಎಂ ಟಾರ್ಕ್ (ಎಳೆಯುವ ಬಲ), ಆರು ಗೇರು. 2016ರಿಂದ 2023ರವರೆಗೆ ಬಂದ ಹಳೆಯ 411 ಹಿಮಾಲಯನ್ನಿನಲ್ಲಿ 24.3 ಬಿಎಚ್‌ಪಿ (ಪಿಎಸ್‌ಗೆ ಹೆಚ್ಚುಕಡಿಮೆ ಸಮ), 32 ಎನ್ಎಂ ಇತ್ತು. ಆದರೆ ಆ 32 ಎನ್ಎಂ 4,000ದಿಂದ 4,500ರೊಳಗೇ ಪೂರ್ತಿ ಸಿಗುತ್ತಿತ್ತು. ಅಂದರೆ ಹೊಸ ಎಂಜಿನ್ ಹೆಚ್ಚು ಬಲಶಾಲಿಯಾದರೂ ಆ ಬಲ ಸಾವಿರ ಆರ್‌ಪಿಎಂ ತಡವಾಗಿ ಬರುತ್ತದೆ. 3,000ಕ್ಕಿಂತ ಕೆಳಗೆ ಅದು ಸೊರಗುತ್ತದೆ, ಚೈನು ಜಗ್ಗಿದಂತೆ ಗಾಡಿ ಕುಲುಕುತ್ತದೆ.

ತಾತೋಪಾನಿ ದಾಟಿದ ಮೇಲೆ ಬರುವ ಘಾಸಾದ ಕೆಳಗಿನ ಹೇರ್‌ಪಿನ್ ತಿರುವುಗಳಲ್ಲಿ ಇದರ ಪರಿಣಾಮ ಗೊತ್ತಾಗುತ್ತದೆ. 411 ಓಡಿಸಿ ಪಳಗಿದವರು ಎರಡನೇ ಗೇರಿನಲ್ಲಿ, ಥ್ರಾಟಲ್ ಮುಚ್ಚಿ, ಎಂಜಿನ್ ತಾನೇ ಎಳೆಯಲಿ ಎಂದು ತಿರುವಿಗೆ ಇಳಿಯುತ್ತಾರೆ. 450 ಅಲ್ಲಿ ಉಸಿರು ಕಟ್ಟಿ ನಿಲ್ಲುತ್ತದೆ. ತಿರುವಿನ ಮಧ್ಯೆ, ಏರಿನಲ್ಲಿ, ಲಗೇಜು ಹೇರಿದ ಗಾಡಿ ನಿಂತರೆ ಕಾಲು ಊರುವ ಕಡೆ ನೆಲ ಸಿಗದೆ ಬೀಳುವುದೇ ಹೆಚ್ಚು. ಸರಿಯಾದ ಕ್ರಮ ಹೀಗೆ: ತಿರುವಿಗೆ ಮುಂಚೆಯೇ ಒಂದನೇ ಗೇರಿಗೆ ಇಳಿಸಿ, ಥ್ರಾಟಲನ್ನು 3,500ರ ಆಸುಪಾಸಿನಲ್ಲಿ ಕದಲಿಸದೆ ಹಿಡಿದು, ವೇಗವನ್ನು ಅರ್ಧ ಕ್ಲಚ್ಚು ಮತ್ತು ಹಿಂದಿನ ಬ್ರೇಕಿನಿಂದ ಹದ ಮಾಡಿ. ಕ್ಲಚ್ಚು ಸ್ಲಿಪ್ಪರ್ ಅಸಿಸ್ಟ್ ಮಾದರಿಯದಾದ್ದರಿಂದ ಲಿವರ್ ಹಗುರ, ಎರಡು ಬೆರಳು ಸಾಕು. ಆದರೂ ಅರ್ಧ ಕ್ಲಚ್ಚಿನಲ್ಲೇ ಹತ್ತು ನಿಮಿಷ ಹತ್ತಬೇಡಿ. ಪ್ಲೇಟು ಕಾದರೆ ಲಿವರಿನ ಹಿಡಿತದ ಜಾಗ ಬದಲಾಗುತ್ತದೆ. ಆಗ ಗಾಡಿ ನಿಲ್ಲಿಸಿ, ತಣಿಯಲು ಬಿಡುವುದೊಂದೇ ದಾರಿ.

ರೈಡ್ ಮೋಡುಗಳಲ್ಲಿ ಇಕೋ, ಪರ್ಫಾರ್ಮೆನ್ಸ್ ಎಂದು ಎರಡು ಬಗೆ. ಬ್ರೇಕು ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ಸನ್ನು ಹಿಂಚಕ್ರಕ್ಕೆ ಎರಡರಲ್ಲೂ ಆಫ್ ಮಾಡಬಹುದು. ಇಕೋ ಇರುವುದು ಪೆಟ್ರೋಲ್ ಉಳಿಸಲಷ್ಟೇ ಎಂದು ಅನೇಕರು ತಿಳಿದಿದ್ದಾರೆ. ಸಡಿಲ ಕಲ್ಲಿನ ಮೇಲೆ ಅದು ನಿಜವಾದ ಸಹಾಯ, ಏಕೆಂದರೆ ಕೈ ಸ್ವಲ್ಪ ಅದುರಿದರೂ ಗಾಡಿ ಮುನ್ನುಗ್ಗುವುದಿಲ್ಲ. ತಾತೋಪಾನಿಯಿಂದ ಘಾಸಾವರೆಗೆ ಇಕೋ ಇಟ್ಟು, ಮೇಲೆ ಗಾಳಿ ತೆಳುವಾದಾಗ ಪರ್ಫಾರ್ಮೆನ್ಸ್‌ಗೆ ಬದಲಿಸುವುದು ಜಾಣತನ. ಹಿಂದಿನ ಎಬಿಎಸ್ ಜಲ್ಲಿ ಇಳಿಜಾರಿನಲ್ಲಿ ಆಫ್ ಆಗಿರಲಿ, ಇಲ್ಲವಾದರೆ ಬ್ರೇಕು ಬಿಟ್ಟು ಬಿಟ್ಟು ಹಿಡಿದು ಗಾಡಿ ನಿಲ್ಲುವ ದೂರ ಹೆಚ್ಚುತ್ತದೆ. ಟಾರಿಗೆ ಬಂದಮೇಲೆ ಮತ್ತೆ ಹಾಕಲು ಮರೆಯಬೇಡಿ. ಪ್ರತಿ ಸಲ ಕೀ ತಿರುಗಿಸಿದ ಮೇಲೂ ಪರದೆಯ ಮೇಲಿನ ಗುರುತು ನೋಡುವ ಅಭ್ಯಾಸವಿರಲಿ.

ಎತ್ತರದ ಲೆಕ್ಕವನ್ನೂ ನೋಡಬೇಕು. ಮುಕ್ತಿನಾಥ ಸುಮಾರು 3,750 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇ. 70ಕ್ಕೆ ಹತ್ತಿರ. ಫ್ಯೂಯಲ್ ಇಂಜೆಕ್ಷನ್ ಗಾಳಿಯ ಒತ್ತಡ ನೋಡಿ ಪೆಟ್ರೋಲಿನ ಅಳತೆಯನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಕಾರ್ಬುರೇಟರ್ ಕಾಲದಂತೆ ಜೆಟ್ ಬದಲಿಸುವ ಗೋಜಿಲ್ಲ. ಆದರೆ ಇಲ್ಲದ ಆಮ್ಲಜನಕವನ್ನು ಇಂಜೆಕ್ಷನ್ ತಂದುಕೊಡಲಾರದು. 40 ಪಿಎಸ್ ಅಲ್ಲಿ ಹೆಚ್ಚುಕಡಿಮೆ 28 ಆಗುತ್ತದೆ. ಹಾಗಿದ್ದೂ ಅದು ಹಳೆಯ 411 ಸಮುದ್ರ ಮಟ್ಟದಲ್ಲಿ ಕೊಡುತ್ತಿದ್ದುದಕ್ಕಿಂತ ಹೆಚ್ಚು. ಇಬ್ಬರು ಕೂತು, ಲಗೇಜು ಕಟ್ಟಿ ಕಾಗ್ಬೇನಿಯಿಂದ ಮೇಲಕ್ಕೆ ಹತ್ತುವಾಗ ಈ ಗಾಡಿ ಏದುಸಿರು ಬಿಡದಿರಲು ಇದೇ ಕಾರಣ.

ಚಕ್ರ, ಸಸ್ಪೆನ್ಷನ್, ಸೀಟು

ಮುಂದೆ 21 ಇಂಚು, ಹಿಂದೆ 17 ಇಂಚು. ದೊಡ್ಡ ಮುಂಚಕ್ರ ಮುಷ್ಟಿ ಗಾತ್ರದ ಕಲ್ಲನ್ನು ಹತ್ತಿ ಇಳಿಯುತ್ತದೆ, ಮುಂದೆಯೂ 17 ಇಂಚಿನದೇ ಇದ್ದರೆ ಅದೇ ಕಲ್ಲಿಗೆ ಡಿಕ್ಕಿ ಹೊಡೆದು ಪಕ್ಕಕ್ಕೆ ಜಾರುತ್ತದೆ. ಎರಡೂ ಕಡೆ 200 ಮಿ.ಮೀ. ಸಸ್ಪೆನ್ಷನ್ ಚಲನೆ, ನೆಲದಿಂದ 230 ಮಿ.ಮೀ. ಎತ್ತರ. ಕಾಳಿ ಗಂಡಕಿಯ ಪಾತ್ರದ ಉರುಟು ಕಲ್ಲುಗಳ ಮೇಲೆ ಈ ಮೂರು ಅಂಕಿಗಳು ಕುದುರೆಶಕ್ತಿಗಿಂತ ಹೆಚ್ಚು ಬೆಲೆಬಾಳುತ್ತವೆ.

ಮುಂದಿನ ಶೋವಾ ಫೋರ್ಕಿಗೆ ಯಾವ ಹೊಂದಾಣಿಕೆಯೂ ಇಲ್ಲ. ಇದು ಕೊರತೆಯೇ. ಹಿಂದೆ ಸ್ಪ್ರಿಂಗ್ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿರಬೇಕು ಎಂಬುದನ್ನು ಮಾತ್ರ ಬದಲಿಸಬಹುದು. ಜೊತೆಗೆ ಕೂರುವವರಿದ್ದರೆ, ಇಲ್ಲವೇ ಲಗೇಜು ಭಾರವಾದರೆ ಬೆಂಗಳೂರಿನಲ್ಲೇ ಪ್ರಿಲೋಡ್ ಏರಿಸಿಕೊಂಡು ಹೊರಡಿ. ಹಾಗೆ ಮಾಡದಿದ್ದರೆ ಹಿಂಭಾಗ ಕುಸಿದು ಮುಂಚಕ್ರ ಹಗುರಾಗುತ್ತದೆ, ಮರಳಿನಲ್ಲಿ ಹ್ಯಾಂಡಲ್ ಅಲೆಯುತ್ತದೆ. ಜನ ಟೈರನ್ನು ಬೈಯುತ್ತಾರೆ, ತಪ್ಪು ಸ್ಪ್ರಿಂಗಿನದು.

ಚಕ್ರದ ವಿಷಯದಲ್ಲಿ ಕೊಳ್ಳುವಾಗಲೇ ತೀರ್ಮಾನ ಬೇಕು. ಮೊದಲು ಬಂದ ಗಾಡಿಗಳಿಗೆ ಟ್ಯೂಬಿನ ಸ್ಪೋಕ್ ಚಕ್ರವಷ್ಟೇ ಇತ್ತು. 2024ರಲ್ಲಿ ಟ್ಯೂಬ್‌ಲೆಸ್ ಸ್ಪೋಕ್ ಚಕ್ರದ ಆಯ್ಕೆ ಬಂತು. ಹೆಚ್ಚಿನ ಹಣ ಕೊಟ್ಟಾದರೂ ಅದನ್ನೇ ಆರಿಸಿ. ಮೊಳೆ ಚುಚ್ಚಿದರೆ ಚಕ್ರ ಬಿಚ್ಚದೆ ರಬ್ಬರ್ ಹುರಿ ತುರುಕಿ, 12 ವೋಲ್ಟ್ ಪಂಪಿನಿಂದ ಗಾಳಿ ತುಂಬಿ ಹದಿನೈದು ನಿಮಿಷದಲ್ಲಿ ಹೊರಡಬಹುದು. ಟ್ಯೂಬಿನ ಚಕ್ರವಿದ್ದವರು ಎರಡೂ ಅಳತೆಯ ಒಂದೊಂದು ಟ್ಯೂಬು, ಮೂರು ಟೈರ್ ಲಿವರ್, ಎರಡೂ ಆಕ್ಸಲ್ ನಟ್ಟಿಗೆ ಹೊಂದುವ ಸ್ಪ್ಯಾನರು ಒಯ್ಯಲೇಬೇಕು. ಮೂರನೇ ಲಿವರ್ ಅತಿಯಾಯಿತು ಎನಿಸಬಹುದು. ಎರಡೇ ಇದ್ದರೆ ಒಂದನ್ನು ತೆಗೆಯುವಷ್ಟರಲ್ಲಿ ಟೈರಿನ ಅಂಚು ಮತ್ತೆ ರಿಮ್ಮಿನೊಳಗೆ ಕೂರುತ್ತದೆ. ಟ್ಯೂಬ್‌ಲೆಸ್ಸಿಗೂ ಒಂದು ದೌರ್ಬಲ್ಯವಿದೆ: ಕಲ್ಲಿಗೆ ಬಡಿದು ರಿಮ್ಮಿನ ಅಂಚು ಬಾಗಿದರೆ ಗಾಳಿ ಸೋರುತ್ತದೆ. ಆಗ ಒಳಗೆ ಟ್ಯೂಬು ಹಾಕಿ ಮುಂದುವರಿಯಬಹುದು. ಆದ್ದರಿಂದ 21 ಇಂಚಿನ ಒಂದು ಟ್ಯೂಬು ಚೀಲದ ತಳದಲ್ಲಿರಲಿ. ಹಳ್ಳಿಯ ಪಂಕ್ಚರ್ ಅಂಗಡಿಗಳಲ್ಲಿ ಆ ಅಳತೆ ಸಿಗುತ್ತದೆಂಬ ಭರವಸೆ ಬೇಡ.

ಸೀಟಿನ ಎತ್ತರ 825 ಮಿ.ಮೀ., ಅದನ್ನು 845ಕ್ಕೆ ಏರಿಸಬಹುದು. ಐದೂವರೆ ಅಡಿಯವರು 825ರಲ್ಲೇ ಇರಲಿ. ಟಾರಿನ ಮೇಲೆ ತುದಿಗಾಲು ತಾಗಿದರೆ ಸಾಕೆನಿಸುತ್ತದೆ, ಕಲ್ಲಿನ ಗುಂಡಿಯಲ್ಲಿ ಅದೇ ಐದು ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಗಾಡಿಯ ತೂಕ 196 ಕೆಜಿ. ಅಗಲ ಜಾಗದಲ್ಲಿ ಬಿದ್ದರೆ ಒಬ್ಬರೇ ಎತ್ತಬಹುದು, ಇಳಿಜಾರಿನ ಕಡೆಗೆ ಬಿದ್ದರೆ ಇಬ್ಬರು ಬೇಕು. ಹೊರಡುವ ಮೊದಲು ಮೈದಾನದಲ್ಲಿ ಒಮ್ಮೆ ಮಲಗಿಸಿ ಎತ್ತಿ ನೋಡಿ: ಗಾಡಿಗೆ ಬೆನ್ನು ಕೊಟ್ಟು, ಸೊಂಟದಿಂದ ಒತ್ತಿ, ಕಾಲಿನ ಬಲದಿಂದ ಹಿಂದಕ್ಕೆ ನಡೆಯಬೇಕು.

ರಸ್ತೆ

ಬೆಂಗಳೂರಿನಿಂದ ಹೈದರಾಬಾದ್, ನಾಗಪುರ, ಜಬಲ್ಪುರ, ವಾರಾಣಸಿ, ಗೋರಖಪುರದ ಮೇಲೆ ಸುನೌಲಿ ಗಡಿಗೆ ಸುಮಾರು 2,100 ಕಿ.ಮೀ. ಹೆದ್ದಾರಿಯಲ್ಲಿ 95ರಿಂದ 105ರ ವೇಗ ಈ ಎಂಜಿನ್ನಿಗೆ ಹಿತ. 110 ದಾಟಿದರೆ ಕಾಲಿಡುವ ಪೆಗ್ಗಿನಲ್ಲಿ, ಹ್ಯಾಂಡಲಿನಲ್ಲಿ ನಡುಕ ಶುರು. ನಾಲ್ಕು ದಿನ ಹೆದ್ದಾರಿ ಸವೆಸುವ ಆಸೆ ಇಲ್ಲದವರು ಯಶವಂತಪುರದಿಂದ ಗೋರಖಪುರಕ್ಕೆ ರೈಲಿನಲ್ಲಿ ಬೈಕು ಕಳಿಸಬಹುದು. ಟ್ಯಾಂಕ್ ಪೂರ್ತಿ ಬರಿದು ಮಾಡಬೇಕು, ಆರ್‌ಸಿ ಮತ್ತು ವಿಮೆಯ ನಕಲು ಕೊಡಬೇಕು, ಕನ್ನಡಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಬೇಕು. ಪ್ಯಾಕಿಂಗ್ ಮಾಡುವವರು ಗೋಣಿತಾಟು ಸುತ್ತುವ ಮುಂಚೆ ಎಲ್ಲ ಬದಿಯಿಂದ ಫೋಟೋ ತೆಗೆದಿಡಿ.

ಗಡಿಯಾಚೆ ಭೈರಹವಾ, ಬುಟ್‌ವಲ್. ಅಲ್ಲಿಂದ ಪಾಲ್ಪಾ ಮೇಲೆ ಪೋಖರಾಕ್ಕೆ ಹೋಗುವ ಸಿದ್ಧಾರ್ಥ ಹೆದ್ದಾರಿ ಕಿರಿದಾದ, ಬಿಡುವಿಲ್ಲದೆ ಬಳಸುವ ಟಾರು ರಸ್ತೆ. ಚಾರ್ಮಾಡಿ ಘಾಟಿ ಇಡೀ ದಿನ ಮುಗಿಯದಿದ್ದರೆ ಹೇಗಿರುತ್ತದೋ ಹಾಗೆ. ಬುಟ್‌ವಲ್ ಬಿಟ್ಟ ಕೂಡಲೇ ಬರುವ ಸಿದ್ಧಬಾಬಾ ಭಾಗದಲ್ಲಿ ಮೇಲಿನಿಂದ ಕಲ್ಲು ಉರುಳುತ್ತದೆ. ಅಲ್ಲಿ ಫೋಟೋಕ್ಕೆಂದು ನಿಲ್ಲಬೇಡಿ, ಮಳೆ ಬಿದ್ದ ಬೆಳಿಗ್ಗೆ ಹೊರಡಲೂಬೇಡಿ.

ಪೋಖರಾದಿಂದ ಬೇನಿಗೆ ಸುಮಾರು 80 ಕಿ.ಮೀ. ಬೇನಿಯ ನಂತರ ನಿಜವಾದ ದಾರಿ ತೆರೆಯುತ್ತದೆ. ತಾತೋಪಾನಿಯ ಬಿಸಿನೀರಿನ ಕುಂಡ, ದಾನಾ ಹತ್ತಿರ ರಸ್ತೆಗೇ ಮುಖಮಾಡಿ ಬೀಳುವ ರುಪ್ಸೆ ಜಲಪಾತ, ಆಮೇಲೆ ಘಾಸಾ. ಕಣಿವೆ ಅತಿ ಇಕ್ಕಟ್ಟಾಗಿರುವುದು ಇಲ್ಲೇ, ಗುಡ್ಡ ಜಾರುವುದೂ ಇಲ್ಲೇ. ಅಗಲೀಕರಣದ ಕೆಲಸ ನಡೆದ ಕಡೆಗಳಲ್ಲಿ ಬೆಳಿಗ್ಗೆ ಇದ್ದ ರಸ್ತೆ ಸಂಜೆಗೆ ಇರುವುದಿಲ್ಲ. ಎದುರಿಗೆ ಬಸ್ಸು ಬಂದರೆ ಬೆಟ್ಟದ ಗೋಡೆಯ ಕಡೆ ನಿಲ್ಲಿ, ಪ್ರಪಾತದ ಕಡೆ ಜಾಗ ಎಷ್ಟೇ ಇದ್ದರೂ ಅತ್ತ ಹೋಗಬೇಡಿ. ಅಂಚಿನ ಮಣ್ಣು ಸಡಿಲ.

ನೀರು ಹಾಯುವ ಕಡೆ ಮೊದಲು ಇಳಿದು ನೋಡಿ. ಜೀಪು ಹೋದ ಜಾಡಿನಲ್ಲೇ ಹೋಗಬೇಕೆಂಬ ನಿಯಮವಿಲ್ಲ, ಜೀಪಿನ ಚಕ್ರ ತೋಡಿದ ಕೊರಕಲು ಆಳವಾಗಿರುತ್ತದೆ. ನೀರು ಅಲೆಯಾಡುವ ಕಡೆ ಕಲ್ಲು ಮೇಲಿದೆ, ಆಳ ಕಡಿಮೆ. ನುಣುಪಾಗಿ ಹರಿಯುವ ಕಡೆ ಆಳ ಹೆಚ್ಚು. ಒಂದನೇ ಗೇರು, 4,000 ಆರ್‌ಪಿಎಂ, ಕಣ್ಣು ಆಚೆ ದಡದ ಮೇಲೆ. ದಾಟಿದ ಮೇಲೆ ಐವತ್ತು ಮೀಟರ್ ದೂರ ಎರಡೂ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಹೋದರೆ ಪ್ಯಾಡು ಒಣಗುತ್ತದೆ.

ಲೇತೆ, ತುಕುಚೆ, ಮಾರ್ಫಾ ಬರುವಷ್ಟರಲ್ಲಿ ಹಸಿರು ಹಿಂದೆ ಸರಿದು ಬೂದು ಬಣ್ಣದ ಬಯಲು ಹರಡಿಕೊಳ್ಳುತ್ತದೆ. ಮಳೆಯ ನೆರಳಿನ ನಾಡು. ಮಾರ್ಫಾದ ಸುಣ್ಣ ಬಳಿದ ಮನೆಗಳು, ಸೇಬಿನ ತೋಟ, ಇಲ್ಲಿನ ಥಕಾಲಿ ಜನರ ಅಡುಗೆಯ ಅನ್ನ ಬೇಳೆ. ಮೊದಲ ರಾತ್ರಿ ಇಲ್ಲೇ ತಂಗುವುದು ಒಳ್ಳೆಯದು. ಪೋಖರಾ ಸುಮಾರು 820 ಮೀಟರ್ ಎತ್ತರದಲ್ಲಿದೆ, ಒಂದೇ ದಿನ 3,750ಕ್ಕೆ ಏರಿದರೆ ತಲೆನೋವು, ವಾಕರಿಕೆ ಬಹುಮಂದಿಯನ್ನು ಹಿಡಿಯುತ್ತದೆ. ಮಾರ್ಫಾ ಅಥವಾ 2,720 ಮೀಟರಿನ ಜೋಮ್ಸೋಮ್‌ನಲ್ಲಿ ಒಂದು ರಾತ್ರಿ ಕಳೆದರೆ ದೇಹ ಹೊಂದಿಕೊಳ್ಳುತ್ತದೆ. ತಲೆನೋವು ಏರುತ್ತಲೇ ಹೋದರೆ ಕೆಳಗಿಳಿಯುವುದೇ ಔಷಧ.

ಇನ್ನು ಗಾಳಿ. ಈ ದಾರಿಯಲ್ಲಿ ಬೈಕಿನವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಕಲ್ಲಲ್ಲ, ನೀರಲ್ಲ, ಗಾಳಿ. ಬಿಸಿಲೇರಿದಂತೆ ಮೇಲಿನ ಒಣ ಪ್ರಸ್ಥಭೂಮಿ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇಳುತ್ತದೆ, ಆ ತೆರವನ್ನು ತುಂಬಲು ಕೆಳಗಿನ ಗಾಳಿ ಕಣಿವೆಯ ಕಿರಿದಾದ ಕೊಳವೆಯ ಮೂಲಕ ತೆಂಕಣದಿಂದ ಬಡಗಣಕ್ಕೆ ನುಗ್ಗುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಶುರುವಾಗಿ ಸಂಜೆವರೆಗೂ ಬೀಸುತ್ತದೆ. ಜೋಮ್ಸೋಮ್‌ನ ವಿಮಾನಗಳು ಬೆಳಿಗ್ಗೆಯೇ ಹಾರಿ ಮುಗಿಸುವುದು ಇದೇ ಕಾರಣಕ್ಕೆ. ಹತ್ತುವಾಗ ಅದು ಬೆನ್ನಿಗಿರುತ್ತದೆ. ಹಿಂತಿರುಗುವಾಗ ಎದುರಾಗಿ, ಮರಳು ಸಮೇತ, ಬಂದು ಬಡಿಯುತ್ತದೆ. ಆದ್ದರಿಂದ ಮುಕ್ತಿನಾಥದಿಂದ ಇಳಿಯುವ ದಿನ ಬೆಳಿಗ್ಗೆ ಆರೂವರೆಗೆ ಹೊರಟು ಹತ್ತರೊಳಗೆ ಮಾರ್ಫಾ ದಾಟಿಬಿಡಿ. ಅಗಲವಾದ ಅಲ್ಯುಮಿನಿಯಂ ಪೆಟ್ಟಿಗೆಗಳು ಹಾಯಿಯಂತೆ ಗಾಳಿ ಹಿಡಿಯುತ್ತವೆ. ಇಲ್ಲಿಗೆ ಗಾಡಿಯ ಮೈಗೆ ಅಂಟಿಕೊಳ್ಳುವ ಬಟ್ಟೆಯ ಸ್ಯಾಡಲ್ ಬ್ಯಾಗೇ ಲೇಸು, ಬಿದ್ದಾಗ ಕಾಲು ಸಿಕ್ಕಿಕೊಂಡರೂ ಮೂಳೆ ಮುರಿಯುವ ಅಪಾಯ ಕಡಿಮೆ.

ಅದೇ ಮರಳು ಚೈನನ್ನೂ ತಿನ್ನುತ್ತದೆ. ಬೆಳಿಗ್ಗೆ ಎಣ್ಣೆ ಹಾಕಿ ಹೊರಟರೆ ಹಸಿ ಎಣ್ಣೆಗೆ ಮರಳು ಮೆತ್ತಿ ಚೈನು ಅರದಂತಾಗುತ್ತದೆ. ಸಂಜೆ ಗಾಡಿ ನಿಲ್ಲಿಸಿದ ಕೂಡಲೇ, ಚೈನು ಬೆಚ್ಚಗಿರುವಾಗ, ಬಟ್ಟೆಯಿಂದ ಒರೆಸಿ ತೆಳುವಾಗಿ ಲ್ಯೂಬ್ ಹಾಕಿ. ರಾತ್ರಿ ಅದು ಒಳಗಿಳಿಯುತ್ತದೆ. ಬೆಳಿಗ್ಗೆ ಹೊರಗಿನ ಹೆಚ್ಚುವರಿಯನ್ನು ಮತ್ತೆ ಒರೆಸಿ.

ಕಾಗ್ಬೇನಿಯಿಂದ ಮೇಲಕ್ಕೆ ಟಾರು ಇದೆ, ಅಗಲ ತಿರುವುಗಳಿವೆ, ಇಡೀ ದಾರಿಯಲ್ಲಿ ಓಡಿಸಲು ಅತ್ಯಂತ ಸುಖವಾದ ಭಾಗ ಇದೇ. ಗಾಡಿಗಳು ರಾಣಿಪೌವಾದಲ್ಲಿ ನಿಲ್ಲುತ್ತವೆ, ದೇವಸ್ಥಾನಕ್ಕೆ ಅಲ್ಲಿಂದ ಅರ್ಧ ಗಂಟೆಯ ನಡಿಗೆ. 108 ಬಾಯಿಗಳಿಂದ ಸುರಿಯುವ ನೀರು ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ. ಮಿಂದವರು ಮೈ ಪೂರ್ತಿ ಬೆಚ್ಚಗಾಗುವವರೆಗೆ ಹ್ಯಾಂಡಲ್ ಹಿಡಿಯಬಾರದು, ಮರಗಟ್ಟಿದ ಬೆರಳಿಗೆ ಬ್ರೇಕಿನ ಹದ ತಿಳಿಯುವುದಿಲ್ಲ. ಇಳಿಯುವಾಗ ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಲಿ. ಒಂದೇ ಸಮ ಒತ್ತಿ ಹಿಡಿದ ಹಿಂದಿನ ಬ್ರೇಕು ಕಾದು ಪೆಡಲು ಮೆತ್ತಗಾಗುತ್ತದೆ.

ಪೆಟ್ರೋಲಿನ ಚಿಂತೆ ಇಲ್ಲ. ಟ್ಯಾಂಕು 17 ಲೀಟರ್. ಒಂದನೇ, ಎರಡನೇ ಗೇರಿನ ಓಡಾಟದಲ್ಲಿ ಲೀಟರಿಗೆ 24 ಸಿಕ್ಕರೂ 400 ಕಿ.ಮೀ. ಆಯಿತು. ಪೋಖರಾದಿಂದ ಹೋಗಿ ಬರಲು ಸುಮಾರು 350. ಬೇನಿಯಲ್ಲೂ ಜೋಮ್ಸೋಮ್‌ನಲ್ಲೂ ಬಂಕ್ ಇದೆ. ಪ್ರತ್ಯೇಕ ಕ್ಯಾನು ಹೊರುವುದು ಬರೀ ಭಾರ.

ಅಕ್ಟೋಬರ್, ನವೆಂಬರ್ ಉತ್ತಮ ಕಾಲ. ಮಾರ್ಚ್‌ನಿಂದ ಮೇ ನಡುಭಾಗದವರೆಗೂ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ, ಮುಸ್ತಾಂಗ್ ಒಣಗಿದ್ದರೂ ಅಲ್ಲಿಗೆ ತಲುಪುವ ಬೇನಿ–ಘಾಸಾ ಭಾಗ ಕೊಚ್ಚಿಹೋಗಿರುತ್ತದೆ.

ಕಾಗದಪತ್ರ

ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ, ಮೂಲ ಆರ್‌ಸಿ, ಚಾಲನಾ ಪರವಾನಗಿ, ವಿಮೆ. ಗಾಡಿ ಇನ್ನೊಬ್ಬರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ. ಗಡಿ ದಾಟಿದೊಡನೆ ಸಿಗುವ ಸುಂಕದ ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಹಣ ಕಟ್ಟಿ ಭನ್ಸಾರ್ ಚೀಟಿ ಮಾಡಿಸಬೇಕು. ಎಂಟು ದಿನದ ಯೋಜನೆಯಿದ್ದರೆ ಹತ್ತು ದಿನಕ್ಕೆ ಮಾಡಿಸಿ. ಗುಡ್ಡ ಜಾರಿ ಎರಡು ದಿನ ಸಿಕ್ಕಿಕೊಂಡರೆ, ಅವಧಿ ಮೀರಿದ್ದಕ್ಕೆ ಕಟ್ಟುವ ದಂಡದ ಮುಂದೆ ಈ ಹಣ ಏನೂ ಅಲ್ಲ.

ವಿಮೆಯದ್ದು ಬಹಳ ಜನ ಮರೆಯುವ ಸಂಗತಿ. ನಮ್ಮ ಬೈಕಿನ ಪಾಲಿಸಿ ಭಾರತದ ಗಡಿಯೊಳಗೆ ಮಾತ್ರ ನಡೆಯುತ್ತದೆ. ಭೌಗೋಳಿಕ ವ್ಯಾಪ್ತಿ ವಿಸ್ತರಣೆ, ಅಂದರೆ ಐಎಂಟಿ 1 ಎಂಬ ಎಂಡಾರ್ಸ್‌ಮೆಂಟ್ ಹಾಕಿಸಿದರೆ ನೇಪಾಳ, ಭೂತಾನ್ ಅದರೊಳಗೆ ಬರುತ್ತವೆ. ಹೊರಡುವ ಎರಡು ವಾರ ಮೊದಲೇ ವಿಮಾ ಕಂಪನಿಗೆ ಇಮೇಲ್ ಬರೆದು ಕೇಳಿ, ಏಜೆಂಟರ ಬಾಯಿಮಾತು ನೆಚ್ಚಬೇಡಿ, ಪಾಲಿಸಿಯ ಮೇಲೆ ಅದು ಅಚ್ಚಾಗಿರಬೇಕು.

ಪೋಖರಾದಲ್ಲಿ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಪಡೆಯಬೇಕು. ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ 625 (100 ಭಾರತೀಯ ರೂಪಾಯಿಗೆ 160 ನೇಪಾಳಿ). ಪಾಸ್‌ಪೋರ್ಟ್ ಅಳತೆಯ ಫೋಟೋ ಒಯ್ಯಿರಿ. ಕಾಗ್ಬೇನಿಯಿಂದ ಉತ್ತರಕ್ಕೆ ಲೋ ಮಾಂಥಾಂಗ್ ಕಡೆ ಹೋಗಲು ನಿರ್ಬಂಧಿತ ಪ್ರದೇಶದ ಬೇರೆಯೇ ಪರವಾನಗಿ ಬೇಕು, ಅದನ್ನು ಏಜೆನ್ಸಿಯ ಮೂಲಕವೇ ಮಾಡಿಸಬೇಕು. ತಿರುವಿನಲ್ಲಿ ನಿಂತು "ಸ್ವಲ್ಪ ದೂರ ಹೋಗಿ ಬರೋಣ" ಎಂದುಕೊಳ್ಳಬೇಡಿ.

ಗಾಡಿಯ ಗುಂಡಗಿನ 4 ಇಂಚಿನ ಪರದೆಯಲ್ಲಿ ಗೂಗಲ್ ನಕ್ಷೆ ಬರುತ್ತದೆ, ಆದರೆ ಅದು ಫೋನಿನಿಂದಲೇ ಬರುವುದು. ಫೋನು ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಹ್ಯಾಂಡಲಿನ ಟೈಪ್ ಸಿ ಪೋರ್ಟಿಗೆ ತಂತಿ ಹಾಕಿಟ್ಟಿರಿ, ನಕ್ಷೆಯನ್ನು ಪೋಖರಾದಲ್ಲೇ ಫೋನಿಗೆ ಇಳಿಸಿಕೊಳ್ಳಿ.

ಬೇರೆ ಬೈಕು, ಬೇರೆ ದಾರಿ

ಹೀರೊ ಎಕ್ಸ್‌ಪಲ್ಸ್ 200 4ವಿ ಇದೇ ದಾರಿಗೆ ಒಬ್ಬಂಟಿಯಾಗಿ, ಹಗುರ ಲಗೇಜಿನೊಂದಿಗೆ ಹೋಗುವವರಿಗೆ ಗಂಭೀರವಾಗಿ ಪರಿಗಣಿಸಬೇಕಾದ ಗಾಡಿ. ತೂಕ 160 ಕೆಜಿಯ ಸುತ್ತ, ನೆಲದಿಂದ 220 ಮಿ.ಮೀ., ಬಿದ್ದರೆ ಒಂದೇ ಸಲಕ್ಕೆ ಎತ್ತಬಹುದು. ಘಾಸಾದ ಕೆಳಗೆ ಅದು 450ನ್ನು ಹಿಂದೆ ಹಾಕಿದರೂ ಆಶ್ಚರ್ಯವಿಲ್ಲ. ಆದರೆ 19 ಪಿಎಸ್ ಮೇಲೆ ಹೋದಂತೆ 13ಕ್ಕೆ ಇಳಿಯುತ್ತದೆ, ಬೆಂಗಳೂರಿನಿಂದ ಗಡಿಯವರೆಗಿನ ಹೆದ್ದಾರಿಯಲ್ಲಿ ಸುಸ್ತು ಮಾಡುತ್ತದೆ. ರೈಲಿನಲ್ಲಿ ಕಳಿಸುವವರಿಗೆ ಆ ದೂರು ಇಲ್ಲ. ಭೂತಾನ್ ಸುಂದರ, ಚೇಲೆ ಲಾ 3,988 ಮೀಟರ್ ಏರುತ್ತದೆ, ಆದರೆ ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ ಶುಲ್ಕವಿದೆ. ಮುಖ್ಯ ರಸ್ತೆಗಳು ಹೆಚ್ಚಾಗಿ ಟಾರಿನವು, ಅಲ್ಲಿಗೆ 200 ಮಿ.ಮೀ. ಸಸ್ಪೆನ್ಷನ್ ಬೇಕಿಲ್ಲ.

ಬೆಲೆಯ ಮಾತು. 2023ರ ನವೆಂಬರ್‌ನಲ್ಲಿ 2.69 ಲಕ್ಷದ ಆರಂಭಿಕ ಬೆಲೆಗೆ ಬಂದ ಗಾಡಿ ಈಗ ದುಬಾರಿಯಾಗಿದೆ. 350 ಸಿಸಿ ಮೀರಿದ ಬೈಕುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40 ಜಿಎಸ್‌ಟಿ. ಈ ಒಂದು ಪಯಣಕ್ಕಾಗಿಯೇ ಕೊಳ್ಳುವುದಾದರೆ ಬೇಡ, ಪೋಖರಾದಲ್ಲಿ ಬಾಡಿಗೆಗೆ ಸಿಗುತ್ತದೆ. ಹಣ ಕೊಡುವ ಮೊದಲು ಪ್ರತಿ ಸ್ಪೋಕನ್ನೂ ಸ್ಪ್ಯಾನರಿನಿಂದ ತಟ್ಟಿ ಸದ್ದು ಕೇಳಿ, ಬಿಗಿಯಾದದ್ದು ಟಣ್ಣೆನ್ನುತ್ತದೆ, ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ಮುಂಚಕ್ರ ನೆಲ ಬಿಟ್ಟೆತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ, ನಡುವಿನಲ್ಲಿ ಕಚ್ಚಿದಂತಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ, ಆ ಗಾಡಿ ಬೇಡ. ಹಿಂದಿನ ಸ್ಪ್ರಾಕೆಟ್ಟಿನ ಕಡೆ ಚೈನನ್ನು ಹಿಂದಕ್ಕೆಳೆದು ಹಲ್ಲಿನ ಅರ್ಧಕ್ಕಿಂತ ಹೆಚ್ಚು ಕಂಡರೆ ಚೈನು ಸವೆದಿದೆ, ಬದಲಿಸಿ ಕೊಡಲು ಹೇಳಿ. ಸ್ವಂತ ಗಾಡಿ ಒಯ್ದವರು ವಾಪಸು ಪೋಖರಾಕ್ಕೆ ಬಂದ ದಿನವೇ ಇವನ್ನೆಲ್ಲ ನೋಡಿ, ಏರ್ ಫಿಲ್ಟರ್ ತೆಗೆಸಿ ಧೂಳು ಪರೀಕ್ಷಿಸಿ, ಆಮೇಲೆ 2,000 ಕಿ.ಮೀ. ಹೆದ್ದಾರಿಗೆ ಇಳಿಯಿರಿ.